ಸ್ವಿಚ್ 2 ಒಂದು ವಾರ ಆಡಿದೋರು ಹೇಳಿ, ಓಎಲ್‌ಇಡಿ ಇರೋನು ಈಗ್ಲೇ ಹೋಗ್ಬೇಕಾ ಕಾಯ್ಬೇಕಾ?

ರಾತ್ರಿಪಾಳಿ_ಲಿಂಕ್:

2025ರ ಜೂನ್ 5ಕ್ಕೆ ನಿಂಟೆಂಡೋದ ಹೊಸ ಗೇಮ್ ಯಂತ್ರ ಸ್ವಿಚ್ 2 ಬಂತಲ್ಲ, ನಾಲ್ಕೇ ದಿನದಲ್ಲಿ 35 ಲಕ್ಷಕ್ಕೂ ಜಾಸ್ತಿ ಹೋಯ್ತು ಅಂತ ನಿಂಟೆಂಡೋದವ್ರೇ ಹೇಳ್ಕೊಂಡಿದಾರೆ, ಅಂದ್ಮೇಲೆ ನಿಮ್ಮಲ್ಲಿ ಯಾರಾದ್ರೂ ಒಬ್ರು ತಗೊಂಡೇ ಇರ್ತೀರ ಅನ್ನೋ ಧೈರ್ಯದಲ್ಲಿ ಕೇಳ್ತಿದೀನಿ. ವಿಡಿಯೋ ನೋಡಿ ನೋಡಿ ತಲೆ ಕೆಟ್ಟೋಗಿದೆ. ಒಬ್ಬ ಇದೇ ಸ್ವರ್ಗ ಅಂತಾನೆ, ಇನ್ನೊಬ್ಬ ಹಳೇ ಸ್ವಿಚ್‌ನೇ ಹಿಗ್ಗಿಸಿ ಕೊಟ್ಟಿದಾರೆ ಅಷ್ಟೇ ಅಂತಾನೆ, ಇಬ್ರೂ ಆಡಿರೋದು ಮಾತ್ರ ಎರಡು ದಿನ.

ನನ್ನ ಕಥೆ ಇಷ್ಟು. 2021ರಲ್ಲಿ ಬಂದ ಓಎಲ್‌ಇಡಿ ಸ್ಕ್ರೀನಿನ ಹಳೇ ಸ್ವಿಚ್ ಇದೆ, ಚೆನ್ನಾಗೇ ಇದೆ. ಟಿವಿಗೆ ಹಾಕೋದು ತಿಂಗಳಿಗೊಂದ್ಸಲ, ಉಳಿದಿದ್ದೆಲ್ಲ ಕೈಯಲ್ಲಿ ಹಿಡ್ಕೊಂಡು, ಅದೂ ರಾತ್ರಿ ಲೈಟ್ ಆರ್ಸಿ ಮಲ್ಕೊಂಡು ಆಡೋದು. ಮಾರಿಯೋ ಕಾರ್ಟ್ ಹುಚ್ಚು ಅಷ್ಟಿಲ್ಲ. ಜೆಲ್ಡಾ ಎರಡೂ ಅರ್ಧಂಬರ್ಧ ಆಡಿ ಬಿಟ್ಟಿದೀನಿ, ಪೋಕೆಮಾನ್ ಸ್ಕಾರ್ಲೆಟ್ ತೊದಲೋದು ನೋಡಿ ಬೇಜಾರಾಗಿ ಅದನ್ನೂ ಬಿಟ್ಟೆ. ಈಗ ನಂಗೆ ಗೊತ್ತಾಗ್ಬೇಕಾಗಿರೋದು: ಸ್ವಿಚ್ 2ರಲ್ಲಿರೋ ಎಲ್‌ಸಿಡಿ ಸ್ಕ್ರೀನಿಗೆ ವಾಪಸ್ ಹೋದ್ರೆ ಕಣ್ಣಿಗೆ ಹೊಡಿಯುತ್ತಾ, ಹಳೇ ಗೇಮ್‌ಗಳಲ್ಲಿ ನಿಜವಾಗ್ಲೂ ಫರಕ್ ಇದ್ಯಾ, ಕೈ ನೋಯುತ್ತಾ. ಸ್ಪೆಕ್ ಪಟ್ಟಿ ಹಾಕ್ಬೇಡಿ ದಯವಿಟ್ಟು, ಅದು ನಂಗೆ ಬಾಯಿಪಾಠ ಆಗಿದೆ, ಆಡಿದಾಗ ಏನನ್ಸ್ತು ಅದನ್ನ ಹೇಳಿ.

ಜಾಯ್‌ಸ್ಟಿಕ್_ಜೋಳಿಗೆ:

ನಾನು ಬಂದ ದಿನವೇ ತಗೊಂಡೋನು, ಹಾಗಾಗಿ ಸ್ವಲ್ಪ ಹುಚ್ಚು ಜಾಸ್ತಿ ಇರುತ್ತೆ, ಅದನ್ನ ಕಳ್ದು ಓದ್ಕೊಳ್ಳಿ.

ಬಾಕ್ಸ್ ತೆಗೆದು ಕೈಗೆ ತಗೊಂಡ ತಕ್ಷಣ ಅನ್ಸಿದ್ದು, ಓಹ್ ಇದು ಇನ್ಮೇಲೆ ಆಟಿಕೆ ಥರ ಇಲ್ಲ ಅಂತ. ಎರಡೂ ಪಕ್ಕ ಸಿಗಿಸೋ ಕಂಟ್ರೋಲರ್ ಜಾಯ್-ಕಾನ್ ಸೇರಿ 534 ಗ್ರಾಂ, ನಿಮ್ಮ ಓಎಲ್‌ಇಡಿ 420 ಗ್ರಾಂ, ಆದ್ರೆ ದಪ್ಪ ಮಾತ್ರ ಹಳೇದರಷ್ಟೇ 13.9 ಮಿಲಿಮೀಟರ್, ಅದಕ್ಕೇ ಅಗಲ ಎತ್ತರ ಬೆಳೆದಿರೋದು ಕಣ್ಣಿಗೆ ಕಾಣುತ್ತೆ ಕೈಗೆ ಅಷ್ಟು ಗೊತ್ತಾಗಲ್ಲ. ಮೊದಲ ಅರ್ಧ ಗಂಟೆ ನಾನು ಯಾವ ಗೇಮೂ ಆಡಿಲ್ಲ, ಸುಮ್ನೆ ಜಾಯ್-ಕಾನ್ ತೆಗಿಯೋದು ಹಾಕೋದು ತೆಗಿಯೋದು ಹಾಕೋದು ಇದನ್ನೇ ಮಾಡ್ತಾ ಕೂತಿದ್ದೆ. ಹಳೇದರಲ್ಲಿ ಹಳಿ ಮೇಲೆ ಜಾರಿಸ್ಬೇಕಿತ್ತಲ್ಲ, ಇಲ್ಲಿ ಹತ್ರ ತಂದ್ರೆ ಸಾಕು ಅಯಸ್ಕಾಂತ ತಾನಾಗೇ ಟಕ್ ಅಂತ ಎಳ್ಕೊಳ್ಳುತ್ತೆ. ಎಳೆದ್ರೆ ಕಿತ್ಕೊಂಡು ಬರುತ್ತೇನೋ ಅಂತ ಭಯ ಇತ್ತು, ಬರಲ್ಲ, ಹಿಂದೆ ಇರೋ ಬಟನ್ ಒತ್ತಿದ್ರೇನೇ ಬಿಡೋದು.

ಒಂದು ಎಚ್ಚರಿಕೆ ಮೊದಲೇ ಹೇಳ್ಬಿಡ್ತೀನಿ. ಸ್ಕ್ರೀನ್ ಮೇಲೆ ಒಂದು ತೆಳು ಫಿಲ್ಮ್ ಇದೆ, ಹೊಸ ಫೋನ್ ಮೇಲೆ ಬರೋ ಪ್ಲಾಸ್ಟಿಕ್ ಅಂದ್ಕೊಂಡು ನಾನು ಉಗುರು ಹಾಕ್ಬಿಟ್ಟಿದ್ದೆ. ಅದು ಗಾಜು ಒಡೆದ್ರೆ ಚೂರು ಹಾರದೇ ಇರ್ಲಿ ಅಂತ ಅಂಟಿಸಿರೋದು, ಕೀಳ್ಬಾರ್ದು! ನಿಮ್ಮ ಓಎಲ್‌ಇಡಿ ಮೇಲೂ ಅದೇ ಇದೆ, ನಿಮಗೆ ಗೊತ್ತಿರ್ಬಹುದು, ನಾನು 2017ರ ಮೊದಲನೇ ಸ್ವಿಚ್‌ನಿಂದ ನೇರ ಇದಕ್ಕೆ ಹಾರಿದೋನು, ನಂಗೆ ಗೊತ್ತಿರ್ಲಿಲ್ಲ.

ಮಾರಿಯೋ ಕಾರ್ಟ್ ವರ್ಲ್ಡ್ ಬಗ್ಗೆ ನೀವು ಕೇಳಿಲ್ಲ, ಆದ್ರೂ ಹೇಳ್ತೀನಿ. 24 ಜನ ಒಂದೇ ರೇಸಲ್ಲಿ ಅಂದಾಗ ಗಲಾಟೆ ಅಂದ್ಕೊಂಡಿದ್ದೆ, ಗಲಾಟೇನೇ, ಆದ್ರೆ ನಾಕೌಟ್ ಟೂರ್ ಅಂತ ಒಂದಿದೆ, ಪ್ರತಿ ಚೆಕ್‌ಪಾಯಿಂಟಲ್ಲೂ ಕೊನೇ ನಾಲ್ಕು ಜನ ಔಟ್, ಅದ್ರಲ್ಲಿ ನಾಲ್ಕೇ ಜನ ಉಳಿದಾಗ ಅಂಗೈ ಬೆವರುತ್ತೆ. ಸುಮ್ನೆ ಊರೂರು ಸುತ್ತೋ ಫ್ರೀ ರೋಮ್ ಚೆಂದ ಇದೆ, ಒಳಗೆ ಮಾಡೋಕೆ ಮಾತ್ರ ಕಡಿಮೆ. ಮೌಸ್ ಥರ ಜಾಯ್-ಕಾನ್ ಅಡ್ಡ ಇಟ್ಟು ಆಡ್ಸೋದು ಇದ್ಯಲ್ಲ, ಅದು ಕೆಲಸ ಮಾಡುತ್ತೆ, ತೊಡೆ ಮೇಲೆ ಇಟ್ಟು ಉಜ್ಜಿದ್ರೂ ಮಾಡುತ್ತೆ, ಆದ್ರೆ ಆ ಸಣ್ಣ ಅಂಚು ಹಿಡ್ಕೊಂಡು ಇಪ್ಪತ್ತು ನಿಮಿಷ ಆದ್ಮೇಲೆ ಹೆಬ್ಬೆರಳು ನಂದಲ್ಲ ಅನ್ಸ್ತು. ಮಲ್ಕೊಂಡು ಆಡೋ ನಿಮಗೆ ಅದು ಬೇಡವೇ ಬೇಡ.

ಆದ್ರೆ ಗುರು, ನಿಜವಾಗ್ಲೂ ನಾನು ಬಾಯಿ ಬಿಟ್ಕೊಂಡು ಕೂತಿದ್ದು ಹೊಸ ಗೇಮ್ ನೋಡಿ ಅಲ್ಲ. ಜೆಲ್ಡಾ ಬ್ರೆತ್ ಆಫ್ ದ ವೈಲ್ಡ್ ಹಾಕ್ದೆ, ಸ್ವಿಚ್ 2ಕ್ಕೆ ಅಂತ ಬಂದಿರೋ ಅಪ್‌ಗ್ರೇಡ್ ಪ್ಯಾಕ್ ಹಾಕ್ದೆ, ನೇರ ಕೊರೋಕ್ ಕಾಡಿಗೆ ಹೋದೆ. ಹಳೇ ಸ್ವಿಚ್‌ನಲ್ಲಿ ಆ ಕಾಡಿಗೆ ಕಾಲಿಟ್ರೆ ಕೆಸರಲ್ಲಿ ನಡೆದಂಗೆ ಇತ್ತಲ್ಲ, ಅದೇ ಜಾಗ, ಅದೇ ಎಲೆ, ಅದೇ ಮರ, ಸೆಕೆಂಡಿಗೆ 60 ಫ್ರೇಮ್, ಒಂದು ತಡವರಿಕೆ ಇಲ್ಲ. ಎಂಟು ವರ್ಷ ಹಳೇ ಗೇಮ್‌ಗೆ ಕನ್ನಡಕ ಹಾಕಿಸಿದಂಗೆ. ಅವತ್ತು ರಾತ್ರಿ ಮಾರಿಯೋ ಕಾರ್ಟ್ ಮುಟ್ಟಲೇ ಇಲ್ಲ ನಾನು.

ಕತ್ತಲೆಕೋಣೆ:

ಮೇಲಿನವ್ರು ಮೊದಲನೇ ಸ್ವಿಚ್‌ನಿಂದ ಬಂದೋರು, ಅವ್ರಿಗೆ ಎಲ್ಲವೂ ಚೆನ್ನಾಗೇ ಕಾಣುತ್ತೆ. ನಾನು ನಿಮ್ಮ ಥರಾನೇ ಓಎಲ್‌ಇಡಿಯಿಂದ ಬಂದೋನು, ನಿಮ್ಮ ಥರಾನೇ ಲೈಟ್ ಆರ್ಸಿ ಆಡೋನು, ಹಾಗಾಗಿ ನಾನು ಹೇಳೋದು ಸ್ವಲ್ಪ ಕಹಿ ಇರುತ್ತೆ.

ಕತ್ತಲಲ್ಲಿ ಕಪ್ಪು ಕಪ್ಪಾಗಿ ಕಾಣಲ್ಲ. ಅಷ್ಟೇ ವಿಷಯ. ಓಎಲ್‌ಇಡಿಯಲ್ಲಿ ಕಪ್ಪು ಅಂದ್ರೆ ಆ ಪಿಕ್ಸೆಲ್ ಆಫ್, ಇಲ್ಲಿ ಎಲ್‌ಸಿಡಿ, ಹಿಂದಿನ ಬೆಳಕು ಅಂಚಿನಿಂದ ಬರೋದು, ಒಂದು ಮೂಲೆ ಬೆಳಗ್ಬೇಕಂದ್ರೆ ಇಡೀ ಸ್ಕ್ರೀನ್ ಹಿಂದೆ ದೀಪ ಏರ್ಬೇಕು. ಎಚ್‌ಡಿಆರ್, ಅಂದ್ರೆ ಬೆಳಕು ಕತ್ತಲಿನ ಅಂತರ ಜಾಸ್ತಿ ತೋರ್ಸೋದು, ಇದೆ ಅಂತಾರೆ ನಿಜ, ಕೈಯಲ್ಲಿ ಹಿಡ್ಕೊಂಡು ಆಡುವಾಗ ಅದು ಹೆಸರಿಗೆ ಮಾತ್ರ ಅಂತ ನನ್ನ ಅಭಿಪ್ರಾಯ, ಒಳ್ಳೇ ಟಿವಿಗೆ ಹಾಕಿದ್ರೆ ಆಗ ಅದರ ಮಜಾ. ಗುಹೆ, ರಾತ್ರಿ ಸೀನ್, ಲೋಡಿಂಗ್ ಸ್ಕ್ರೀನ್ ಎಲ್ಲ ಬೂದಿ ಬಳಿದಂಗೆ. ಇನ್ನೊಂದು, ಈ ಪ್ಯಾನೆಲ್ ಬಣ್ಣ ಬದಲಾಯ್ಸೋದ್ರಲ್ಲಿ ನಿಧಾನ, ಬೇಗ ಬೇಗ ಜಾರೋ 2ಡಿ ಗೇಮ್‌ಗಳಲ್ಲಿ ಅಂಚು ಮಸುಕಾಗುತ್ತೆ, ಒಮ್ಮೆ ಕಂಡ್ರೆ ಆಮೇಲೆ ಕಾಣದೇ ಇರೋಕೆ ಆಗಲ್ಲ, ಅದಕ್ಕೇ ನೀವು ಹುಡುಕೋಕೆ ಹೋಗ್ಬೇಡಿ ಹಹ.

ಹಾಗಂತ ಕೆಟ್ಟ ಸ್ಕ್ರೀನ್ ಅಂತಾನೂ ಅಲ್ಲ. ಹಗಲಲ್ಲಿ ನೋಡಿದ್ರೆ 7.9 ಇಂಚು, 1080ಪಿ, ಅಕ್ಷರಗಳು ಸೂಜಿ ಮೊನೆ ಥರ ಇವೆ, 7 ಇಂಚಿನ 720ಪಿಯಿಂದ ಬಂದವ್ರಿಗೆ ಮೆನು ಓದೋದೇ ಒಂದು ಖುಷಿ. ನಂಗೆ ನಿಜವಾಗಿ ಇಷ್ಟ ಆಗಿದ್ದು 120 ಹರ್ಟ್ಜ್, ಅಂದ್ರೆ ಸ್ಕ್ರೀನ್ ಸೆಕೆಂಡಿಗೆ 120 ಸಲ ಹೊಸದಾಗೋದು. ಎಲ್ಲ ಗೇಮೂ 120ರಲ್ಲಿ ಓಡುತ್ತೆ ಅಂತಲ್ಲ, ಬಹಳ ಕಡಿಮೆ ಓಡೋದು. ಆದ್ರೆ ಸೈಬರ್‌ಪಂಕ್‌ನಲ್ಲಿ 40 ಫ್ರೇಮ್ ಮೋಡ್ ಇದೆ, ಅದು 60 ಹರ್ಟ್ಜ್ ಸ್ಕ್ರೀನ್‌ನಲ್ಲಿ ಸಮ ಕೂರಲ್ಲ, 120ರಲ್ಲಾದ್ರೆ ಒಂದೊಂದು ಫ್ರೇಮ್ ಮೂರು ಮೂರು ಸಲ, ಕರೆಕ್ಟಾಗಿ ಕೂರುತ್ತೆ. 30ರಲ್ಲಿ ಒಂದು ಫ್ರೇಮ್‌ಗೆ 33 ಮಿಲಿಸೆಕೆಂಡ್, 60ರಲ್ಲಿ 17 ಹತ್ರ, 40ರಲ್ಲಿ 25, ಅಂದ್ರೆ ಸರಿಯಾಗಿ ಮಧ್ಯ. ಬರೀ ಹತ್ತು ಫ್ರೇಮ್ ಜಾಸ್ತಿ ಅಂತ ಕಾಗದದ ಮೇಲೆ ಕಾಣ್ಸುತ್ತೆ, ಕೈಗೆ ಅರ್ಧ ದಾರಿ ದಾಟಿದಂಗೆ ಅನ್ಸುತ್ತೆ.

ನನ್ನ ಓಎಲ್‌ಇಡಿ ಇನ್ನೂ ಇಟ್ಕೊಂಡಿದೀನಿ. ಮಾರಲ್ಲ.

ಅರೆಬೈಟು:

"ಹಳೇದನ್ನೇ ಹಿಗ್ಗಿಸಿದಾರೆ" ಅನ್ನೋರಿಗೆ ಒಂದು ಮಾತು. ಒಳಗೆ ಹಳೇ ಸ್ವಿಚ್‌ನ ಚಿಪ್ ಇಲ್ವೇ ಇಲ್ಲ. ನಿಂಟೆಂಡೋದ ಹಳೇ ಯಂತ್ರಗಳನ್ನ ನೋಡಿ, ವೀ ಯು ಒಳಗೆ ಅದಕ್ಕಿಂತ ಹಿಂದಿನ ವೀ ಯಂತ್ರಾಂಶ ಇತ್ತು, 3ಡಿಎಸ್ ಒಳಗೆ ಡಿಎಸ್‌ದು ಇತ್ತು, ಹಳೇ ಗೇಮ್ ಹಾಕಿದ್ರೆ ಅದೇ ಎದ್ದು ಕೂರ್ತಿತ್ತು. ಇದರಲ್ಲಿ ಹಂಗಿಲ್ಲ. ಹಳೇ ಯಂತ್ರವನ್ನ ಸಾಫ್ಟ್‌ವೇರಲ್ಲೇ ನಕಲು ಮಾಡೋ ಎಮ್ಯುಲೇಟರ್ ಅಂದ್ರೆ ಬ್ಯಾಟರಿ ತಿಂದು ಹಾಕುತ್ತೆ, ಹಾರ್ಡ್‌ವೇರ್ ಹೊಂದಾಣಿಕೆ ಅನ್ನೋಕೆ ಚಿಪ್ ಬೇರೆ, ಇವೆರಡರ ನಡುವಿನ ಯಾವ್ದೋ ದಾರಿ ಅಂತ ನಿಂಟೆಂಡೋ ಎಂಜಿನಿಯರ್‌ಗಳೇ ವಿವರಿಸಿದಾರೆ, ಗೇಮ್ ಓಡ್ತಾ ಇರೋ ಹಾಗೇ ಹಳೇ ಚಿಪ್‌ನ ಮಾತನ್ನ ಹೊಸದಕ್ಕೆ ಅನುವಾದ ಮಾಡ್ತಾ ಹೋಗೋದು. ನಂಗಂತೂ ಇಡೀ ಯಂತ್ರದಲ್ಲಿ ಇದೇ ದೊಡ್ಡ ಸಾಧನೆ.

ಇದರಿಂದ ಏನಾಗುತ್ತೆ ಅಂದ್ರೆ, ಹಳೇ ಗೇಮ್‌ಗಳು ಮೂರು ಥರ ಆಗಿಬಿಡ್ತವೆ. ಅಪ್‌ಡೇಟ್ ಸಿಕ್ಕಿರೋವು ಹಾರ್ತವೆ, ನೀವು ಬಿಟ್ಟ ಪೋಕೆಮಾನ್ ಸ್ಕಾರ್ಲೆಟ್ ಅದ್ರಲ್ಲೊಂದು, ಅದು ಉಚಿತ ಅಪ್‌ಡೇಟ್, 60 ಫ್ರೇಮ್, ದೂರದಲ್ಲಿ ನಡೆಯೋ ಜನ ಸ್ಲೈಡ್ ಶೋ ಥರ ಕುಪ್ಪಳಿಸ್ತಿದ್ರಲ್ಲ ಅದು ಹೋಯ್ತು. ಅಪ್‌ಡೇಟ್ ಇಲ್ದೇ ಇದ್ರೂ ಹಳೇ ಚಿಪ್‌ನಲ್ಲಿ ಏದುಸಿರು ಬಿಡ್ತಿದ್ದ ಗೇಮ್‌ಗಳು ತಾವಾಗೇ ಉಸಿರಾಡ್ತವೆ, ಏಜ್ ಆಫ್ ಕಲಾಮಿಟಿ ಹಾಕಿ ನೋಡಿ ಗೊತ್ತಾಗುತ್ತೆ. ಮೂರನೇದು 30ಕ್ಕೇ ಬೀಗ ಹಾಕಿರೋವು, ಅವು 30ರಲ್ಲೇ ಇರ್ತವೆ, ಕುಸಿಯಲ್ಲ ಅಷ್ಟೇ, ಲೋಡಿಂಗ್ ಬೇಗ ಆಗುತ್ತೆ.

ಒಂದು ಕೊಕ್ಕೆ ಇದೆ, ಇದನ್ನ ಯಾರೂ ಹೇಳಲ್ಲ. ಸದ್ಯಕ್ಕೆ ಕೈಯಲ್ಲಿ ಹಿಡ್ಕೊಂಡಾಗ ಅಪ್‌ಡೇಟ್ ಇಲ್ಲದ ಹಳೇ ಗೇಮ್ ತನ್ನ ಹಳೇ 720ಪಿಯಲ್ಲೇ ಓಡೋದು, ಅದನ್ನ 1080ಪಿ ಸ್ಕ್ರೀನ್‌ಗೆ ಹಿಗ್ಗಿಸ್ಬೇಕು, ಒಂದಕ್ಕೆ ಒಂದೂವರೆ. ಒಂದು ಪಿಕ್ಸೆಲ್‌ನ ಒಂದೂವರೆ ಮಾಡೋಕಾಗಲ್ಲ, ಅಕ್ಕಪಕ್ಕದವಕ್ಕೆ ಬೆರಸ್ಬೇಕು, ಜೊತೆಗೆ ಸ್ಕ್ರೀನೂ ದೊಡ್ಡದು. ಹಾಗಾಗಿ ಕೆಲವು ಗೇಮ್ ನಿಮ್ಮ ಓಎಲ್‌ಇಡಿಯಲ್ಲೇ ಚುರುಕಾಗಿ ಕಾಣ್ತವೆ, ಇದ್ರಲ್ಲಿ ಮೆತ್ತಗೆ. ಕತ್ತಲೆಕೋಣೆಯವ್ರು ಓಎಲ್‌ಇಡಿ ಇಟ್ಕೊಂಡಿದ್ದು ಬರೀ ಕಪ್ಪಿಗೋಸ್ಕರ ಅಲ್ಲ ಅಂದ್ಕೋತೀನಿ.

ಹೊಸ ಗೇಮ್‌ಗಳಿಗೆ ಡಿಎಲ್‌ಎಸ್‌ಎಸ್ ಇದೆ, ಕಡಿಮೆ ರೆಸಲ್ಯೂಶನ್‌ನಲ್ಲಿ ಚಿತ್ರ ಬಿಡಿಸಿ ಉಳಿದಿದ್ದನ್ನ ಕಲಿತ ಲೆಕ್ಕದಲ್ಲಿ ತುಂಬೋದು, ಎನ್‌ವಿಡಿಯಾ ಚಿಪ್ ಆಗಿರೋದ್ರ ಲಾಭ. ಮೆಮೊರಿ 12 ಜಿಬಿ, ಹಳೇದರಲ್ಲಿ 4. ಸ್ಪೆಕ್ ಹಾಕ್ಬೇಡಿ ಅಂದಿದ್ರಿ, ಸಾರಿ, ಕೈ ತಡೀಲಿಲ್ಲ.

ಎರಡ್ಗಂಟೆ_ಚಾರ್ಜು:

ನಂದು ತಕರಾರಿನ ಪಾಳಿ.

ಬ್ಯಾಟರಿ. ಅವ್ರೇ ಕೊಟ್ಟಿರೋ ಲೆಕ್ಕ 2ರಿಂದ 6.5 ಗಂಟೆ, ನಿಮ್ಮ ಓಎಲ್‌ಇಡಿಗೆ 4.5ರಿಂದ 9. ಬ್ಯಾಟರಿ ಚಿಕ್ಕದು ಅಂತಲ್ಲ, 5220 ಎಂಎಎಚ್, ಹಳೇದು 4310, ದೊಡ್ಡದೇ ಕೊಟ್ಟಿದಾರೆ, ತಿನ್ನೋ ಬಾಯಿ ಅದಕ್ಕಿಂತ ದೊಡ್ಡದಾಗಿದೆ. ಭಾರೀ ಗೇಮ್ ಆಡಿದ್ರೆ ಎರಡೂವರೆ ಗಂಟೆಗೆ ಪ್ಲಗ್ ಹುಡುಕ್ತೀರ. ಒಂದು ಒಳ್ಳೇದು ಮಾಡಿದಾರೆ, ಚಾರ್ಜಿಂಗ್ ಪೋರ್ಟ್ ಮೇಲೊಂದು ಕೆಳಗೊಂದು, ಎದೆ ಮೇಲೆ ಇಟ್ಕೊಂಡು ಆಡೋ ನಿಮ್ಮಂಥವ್ರು ಮೇಲಿಂದ ವೈರ್ ಚುಚ್ಕೊಂಡು ಆಡ್ಬಹುದು. ಯಾವಾಗ್ಲೂ ಟಿವಿಗೆ ಜೋಡ್ಸೋ ಡಾಕ್‌ನಲ್ಲೇ ಇಡೋರು ಸೆಟ್ಟಿಂಗ್ಸ್‌ನಲ್ಲಿ 90 ಪರ್ಸೆಂಟ್‌ಗೆ ಚಾರ್ಜ್ ನಿಲ್ಸೋ ಆಯ್ಕೆ ಹಾಕ್ಕೊಳ್ಳಿ, ಬ್ಯಾಟರಿ ಬಾಳಿಕೆ ಬರುತ್ತೆ.

ಸ್ಟಿಕ್ ಬಗ್ಗೆ ಯಾರೂ ಮಾತಾಡ್ತಿಲ್ಲ ಯಾಕೆ? ದೊಡ್ಡದಾಗಿವೆ, ಸಲೀಸಾಗಿ ಓಡಾಡ್ತವೆ, ಎಲ್ಲ ಸರಿ, ಆದ್ರೆ ಉಜ್ಜದೇ ಅಯಸ್ಕಾಂತದಿಂದ ಅಳೆಯೋ ಹಾಲ್ ಎಫೆಕ್ಟ್ ಅಲ್ಲ, ಒಳಗೆ ಹಳೇ ಪದ್ಧತಿಯ ಉಜ್ಜೋ ಸಂಪರ್ಕವೇ. ಉಜ್ಜಿದ್ದು ಸವೆಯುತ್ತೆ, ಸವೆದ್ರೆ ಡ್ರಿಫ್ಟ್, ಅಂದ್ರೆ ಮುಟ್ಟದೇ ಇದ್ರೂ ಸ್ಟಿಕ್ ಒತ್ತಿದಂಗೆ ಆಗೋದು. ಆಗೇ ಆಗುತ್ತೆ ಅಂತ ಒಂದೇ ವಾರಕ್ಕೆ ನಾನು ಶಾಪ ಹಾಕಲ್ಲ, ಆದ್ರೆ ಆಗಲ್ಲ ಅಂತ ಬರೆದು ಕೊಡೋಕೂ ಕೈ ಬರಲ್ಲ. ಬಿಚ್ಚಿ ನೋಡಿದ ಐಫಿಕ್ಸಿಟ್‌ನವ್ರು ರಿಪೇರಿಗೆ ಹತ್ತಕ್ಕೆ ಮೂರು ಅಂಕ ಕೊಟ್ಟಿದಾರೆ, ಬ್ಯಾಟರಿ ಅಂಟಲ್ಲಿ ಕೂತಿದೆ.

ಆಮೇಲೆ ಈ ಗೇಮ್-ಕೀ ಕಾರ್ಡ್. ಡಬ್ಬ ಇದೆ, ಒಳಗೆ ಕಾರ್ಡ್ ಇದೆ, ಕಾರ್ಡ್ ಒಳಗೆ ಗೇಮ್ ಇಲ್ಲ! ಬರೀ ಬೀಗದ ಕೈ. ಗೇಮ್ ಡೌನ್‌ಲೋಡ್ ಮಾಡ್ಕೋಬೇಕು, ಮಾಡ್ಕೊಂಡ ಮೇಲೂ ಆಡುವಾಗ ಕಾರ್ಡ್ ಒಳಗೆ ಇರ್ಲೇಬೇಕು. ಡಿಜಿಟಲ್‌ನ ಜಾಗ ತಿನ್ನೋದೂ ಇದೆ ಕಾರ್ಡ್ ಹುಡುಕೋ ಕಾಟಾನೂ ಇದೆ, ಎರಡರ ಕೆಟ್ಟದ್ದನ್ನೂ ಒಂದೇ ಡಬ್ಬಕ್ಕೆ ತುಂಬಿದಾರೆ. ಬೇರೆಯವ್ರಿಗೆ ಕೊಡ್ಬಹುದು ಮಾರ್ಬಹುದು ಅನ್ನೋದೊಂದೇ ಸಮಾಧಾನ. ಮನಸ್ಸು ಮಾಡಿದ್ರೆ ಆಗುತ್ತೆ ಅನ್ನೋದಕ್ಕೆ ಸೈಬರ್‌ಪಂಕ್ ಸಾಕ್ಷಿ, ಅದು ಪೂರ್ತಿ 64 ಜಿಬಿ ಕಾರ್ಡಲ್ಲೇ ಬಂದಿದೆ. ಡಬ್ಬದ ಮುಂದೆ ಕೆಳಗಡೆ ಬೀಗದ ಕೈ ಚಿತ್ರ ಇದ್ಯಾ ನೋಡ್ಕೊಂಡು ತಗೊಳ್ಳಿ.

ರಾತ್ರಿಪಾಳಿ_ಲಿಂಕ್:

ಎಲ್ರಿಗೂ ಥ್ಯಾಂಕ್ಸ್, ಇಷ್ಟು ಬರೀತೀರ ಅಂತ ಅಂದ್ಕೊಂಡಿರ್ಲಿಲ್ಲ. ಅಂದ್ರೆ ನಾನು ಆಡೋ ರೀತಿಗೇ ಇದು ಪೆಟ್ಟು ಕೊಡೋದು, ಕತ್ತಲೂ ಹೋಯ್ತು ಬ್ಯಾಟರೀನೂ ಹೋಯ್ತು. ಆದ್ರೆ ಆ ಕೊರೋಕ್ ಕಾಡಿನ ಕಥೆ ಓದಿ ಬಾಯಲ್ಲಿ ನೀರು ಬರ್ತಿದೆ, ಏನ್ಮಾಡೋದು. ಎರಡನ್ನೂ ಇಟ್ಕೊಂಡ್ರೆ ಗೇಮ್ ಎರಡು ಸಲ ತಗೋಬೇಕಾ? ಇನ್ನೊಂದು, ಒಳಗಿರೋ 256 ಜಿಬಿ ಜಾಗ ಸಾಕಾಗುತ್ತಾ, ನನ್ನ ಹತ್ರ 512ರ ಮೈಕ್ರೋಎಸ್‌ಡಿ ಒಂದಿದೆ ಅದನ್ನೇ ಇದಕ್ಕೆ ಹಾಕ್ಬಹುದು ತಾನೆ.

ಅರೆಬೈಟು:

ಎರಡು ಸಲ ತಗೋಬೇಕಿಲ್ಲ. ಡಿಜಿಟಲ್ ಆಗಿದ್ರೆ ವರ್ಚುವಲ್ ಗೇಮ್ ಕಾರ್ಡ್ ಅಂತ ಮಾಡಿದಾರೆ, ಇದ್ರಿಂದ ತೆಗ್ದು ಅದಕ್ಕೆ ಹಾಕೋ ಥರ, ಮೊದಲನೇ ಸಲ ಎರಡೂ ಯಂತ್ರ ಪಕ್ಕಪಕ್ಕ ಇಟ್ಟು ಜೋಡಿ ಮಾಡ್ಬೇಕು. ಹಳೇ ಸ್ವಿಚ್‌ನ ನಿಜವಾದ ಕಾರ್ಡ್‌ಗಳು ಇದಕ್ಕೂ ಕೂರ್ತವೆ.

ಡೇಟಾ ವರ್ಗಾಯ್ಸುವಾಗ ಮಾತ್ರ ಹುಷಾರು. ಎರಡೂ ಯಂತ್ರ ಹತ್ರ ಇಟ್ಟು ಮಾಡೋ ದಾರಿ ಒಂದು, ಸರ್ವರ್‌ಗೆ ಏರಿಸಿ ಇಳಿಸ್ಕೊಳ್ಳೋ ದಾರಿ ಇನ್ನೊಂದು. ಎರಡನೇದು ಹಳೇ ಯಂತ್ರ ಕೊಟ್ಟುಬಿಡೋರಿಗೆ, ಏರ್ಸಿದ ಮೇಲೆ ಹಳೇ ಸ್ವಿಚ್ ಪೂರ್ತಿ ಅಳಿಸಿ ಹೊಸದರ ಥರ ಆಗಿಬಿಡುತ್ತೆ. ನೀವು ಓಎಲ್‌ಇಡಿ ಇಟ್ಕೊಳ್ಳೋರು, ಅದರ ಹತ್ರ ಹೋಗ್ಲೇಬೇಡಿ.

ಆ 512 ಕಾರ್ಡ್ ಕೆಲಸಕ್ಕೆ ಬರಲ್ಲ ಅನ್ಸುತ್ತೆ. ಗೇಮ್ ಇಡೋಕೆ ಮೈಕ್ರೋಎಸ್‌ಡಿ ಎಕ್ಸ್‌ಪ್ರೆಸ್ಸೇ ಆಗ್ಬೇಕು, ಮಾಮೂಲಿ ಕಾರ್ಡ್ ಹಾಕಿದ್ರೆ ಹಳೇ ಸ್ಕ್ರೀನ್‌ಶಾಟು ವಿಡಿಯೋ ನಕಲು ಮಾಡ್ಕೋಬಹುದು ಅಷ್ಟೇ.

ಜಾಯ್‌ಸ್ಟಿಕ್_ಜೋಳಿಗೆ:

ಇದನ್ನ ನಾನು ಅನುಭವಿಸಿದೀನಿ. ಮೊದಲ ದಿನವೇ ಜಾಗ ಸಾಲಲ್ಲ ಅಂತ ಅವಸರದಲ್ಲಿ ಕಾರ್ಡ್ ತಗೊಂಡೆ, ಮೇಲೆ ಎಕ್ಸ್‌ಟ್ರೀಮೋ ಅಲ್ಟ್ರಾನೋ ಏನೋ ದೊಡ್ಡದಾಗಿ ಬರೆದಿತ್ತು, ಎಕ್ಸ್‌ ಕಂಡ ಕೂಡ್ಲೇ ಇದೇ ಅಂದ್ಕೊಂಡೆ. ಮನೆಗೆ ಬಂದು ಹಾಕಿದ್ರೆ ಯಂತ್ರ ಒಪ್ಲೇ ಇಲ್ಲ. ಎರಡೂ ಒಂದೇ ಅಳತೆ ಒಂದೇ ಆಕಾರ, ನೋಡೋಕೆ ಅವಳಿಜವಳಿ. ಸರಿಯಾದ ಕಾರ್ಡಿನ ಮೇಲೆ ಲೋಗೋ ಪಕ್ಕ ಇಎಕ್ಸ್ ಅಂತ ಎರಡಕ್ಷರ ಸಣ್ಣದಾಗಿ ಇರುತ್ತೆ, ಅದನ್ನ ಹುಡುಕಿ, ಉಳಿದ ಬಣ್ಣಬಣ್ಣದ ಬರಹ ಏನೂ ನೋಡ್ಬೇಡಿ.

256 ಜಿಬಿ ನಿಮಗೆ ಸದ್ಯಕ್ಕೆ ಸಾಕು, ಮಾರಿಯೋ ಕಾರ್ಟ್ 20 ಜಿಬಿ ಚಿಲ್ಲರೆ ಅಷ್ಟೇ. ಬೇರೆ ಕಂಪನಿಗಳ ದೊಡ್ಡ ಗೇಮ್ ನಾಲ್ಕೈದು ಇಳಿಸಿದ್ರೆ ಆಗ ಉಸಿರು ಕಟ್ಟುತ್ತೆ.

ಮತ್ತೆ ಟಿವಿಗೆ ಹಾಕೋ ಆ ತಿಂಗಳಿಗೊಂದ್ಸಲ ಇದ್ಯಲ್ಲ, ಆಗ ಹಳೇ ಎಚ್‌ಡಿಎಂಐ ಕೇಬಲ್ ಹಾಗೇ ಇದೆ ಅಂತ ಅದಕ್ಕೇ ಚುಚ್ಬೇಡಿ, ಬಾಕ್ಸ್‌ನಲ್ಲಿ ಬಂದಿರೋದನ್ನೇ ಹಾಕಿ, 4ಕೆ ಎಚ್‌ಡಿಆರ್ ಎಲ್ಲ ಅದ್ರಲ್ಲೇ. ಹಳೇ ಡಾಕೂ ಇದಕ್ಕೆ ಆಗಲ್ಲ. ಡಾಕ್ ಒಳಗೆ ಈಗ ಫ್ಯಾನ್ ಇದೆ, ಸದ್ದು ನಂಗೆ ಕೇಳ್ಸಿಲ್ಲ.

ಕತ್ತಲೆಕೋಣೆ:

ಕೈ ನೋಯುತ್ತಾ ಅಂತ ಕೇಳಿದ್ರಿ, ಯಾರೂ ಉತ್ತರ ಕೊಟ್ಟಿಲ್ಲ. ಕೂತು ಆಡಿದ್ರೆ ಇಲ್ಲ, ಜಾಯ್-ಕಾನ್ ಸ್ವಲ್ಪ ಉದ್ದ ಆಗಿರೋದ್ರಿಂದ ಬೆರಳಿಗೆ ಜಾಗ ಇದೆ. ಅಂಗಾತ ಮಲ್ಕೊಂಡು ಮುಖದ ಮೇಲೆ ಎತ್ತಿ ಹಿಡ್ಕೊಂಡು ಆಡಿದ್ರೆ ಕಾಲು ಗಂಟೆಗೆ ಮಣಿಕಟ್ಟು ಹೇಳುತ್ತೆ. ಮತ್ತೆ ನಿದ್ದೆ ಬಂದು ಕೈ ಸಡಿಲ ಆದ್ರೆ ಅರ್ಧ ಕೇಜಿ ನೇರ ಮೂಗಿನ ಮೇಲೆ. ಓಎಲ್‌ಇಡಿ ಬಿದ್ದಾಗ ಎಚ್ಚರ ಆಗ್ತಿತ್ತು, ಇದು ಬಿದ್ರೆ ಕಣ್ಣಲ್ಲಿ ನೀರು ಬರುತ್ತೆ. ಪಕ್ಕಕ್ಕೆ ತಿರುಗಿ ಮಲ್ಕೊಳ್ಳಿ, ಹಿಂದಿನ ಸ್ಟ್ಯಾಂಡ್ ಈಗ ಯಾವ ಕೋನಕ್ಕೆ ಬೇಕಾದ್ರೂ ನಿಲ್ಲುತ್ತೆ, ದಿಂಬಿನ ಪಕ್ಕ ಗಟ್ಟಿ ಪುಸ್ತಕದ ಮೇಲೆ ನಿಲ್ಸಿ ಜಾಯ್-ಕಾನ್ ಬಿಚ್ಚಿ ಕೈಯಲ್ಲಿ ಹಿಡ್ಕೊಂಡು ಆಡಿ. ನಾನು ಈಗ ಹಂಗೇ ಆಡೋದು.

ಎರಡ್ಗಂಟೆ_ಚಾರ್ಜು:

ಇಷ್ಟೆಲ್ಲ ತಕರಾರು ಮಾಡಿದೀನಿ, ನಿನ್ನೆ ರಾತ್ರಿ ಎರಡು ಗಂಟೆವರೆಗೂ ನಾಕೌಟ್ ಟೂರ್ ಆಡಿದೀನಿ, ಅದನ್ನೂ ಹೇಳ್ಬಿಡ್ತೀನಿ ಮುಚ್ಚಿಡೋದ್ಯಾಕೆ. ಆದ್ರೂ ನಿಮ್ಮ ಜಾಗದಲ್ಲಿ ನಾನಿದ್ರೆ ಕಾಯ್ತೀನಿ. ಜುಲೈ 17ಕ್ಕೆ ಡಾಂಕಿ ಕಾಂಗ್ ಬನಾನ್ಜಾ ಬರುತ್ತೆ, ಮಾರಿಯೋ ಕಾರ್ಟ್ ಬೇಡ ಅನ್ನೋರಿಗೆ ಇದಕ್ಕೇ ಅಂತ ಮಾಡಿರೋ ದೊಡ್ಡ ಗೇಮ್ ಅದೇ ಮೊದಲು.

ರಾತ್ರಿಪಾಳಿ_ಲಿಂಕ್:

ಸರಿ, ಜುಲೈವರೆಗೆ ಅಂತ ಮನಸ್ಸಿಗೆ ಹೇಳಿದೀನಿ, ಅದು ಕೇಳುತ್ತೋ ಇಲ್ವೋ ನೋಡೋಣ. ಡ್ರಾಯರ್‌ನಲ್ಲಿದ್ದ 512 ತೆಗ್ದು ಲೈಟ್ ಕೆಳಗೆ ಹಿಡಿದು ನೋಡ್ದೆ. ಇಎಕ್ಸ್ ಇಲ್ಲ. ಅಲ್ಟ್ರಾ ಅಂತ ಇದೆ.